ಹಿಟ್ಟಿನ ತಕ್ಕಡಿಯ ಮೇಲೆ ಅಕ್ಕ

ಜನವರಿ 11

ತಮ್ಮಾ,

ಫೋನಿನಲ್ಲಿ ಕೇಳಿದರೆ ನೀನು ನಗುತ್ತೀಯ, ನೀನು ನಕ್ಕರೆ ನಾನು ಮಾತು ಬದಲಿಸುತ್ತೇನೆ. ಅದಕ್ಕೇ ಈ ಕಾಗದ. ವಾರಕ್ಕೆ ಮೂರು ದಿನ ಡಯಾಲಿಸಿಸ್ ಕುರ್ಚಿಯಲ್ಲಿ ನಾಲ್ಕು ನಾಲ್ಕು ಗಂಟೆ ಕೂರುತ್ತೀಯಲ್ಲ, ಎಡಗೈಗೆ ಸೂಜಿ ಚುಚ್ಚಿದ್ದರೂ ಬಲಗೈ ಖಾಲಿಯೇ ಇರುತ್ತದೆ. ಓದು, ಉತ್ತರ ಬರೆ.

ವಿಷಯ ಇಷ್ಟೆ. ನಾನು ತೂಕ ಇಳಿಸಬೇಕು.

ಸೆಪ್ಟೆಂಬರ್‌ನಲ್ಲಿ ನಮ್ಮ ಡಿಪೋದ ಚಾಲಕರಿಗೆಲ್ಲ ವೈದ್ಯಕೀಯ ತಪಾಸಣೆ ಇದೆ. ಅಷ್ಟರೊಳಗೆ ಹನ್ನೆರಡು ಕಿಲೋ ಇಳಿಸಿಕೊಂಡು ಬನ್ನಿ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಅವರು ಹೇಳುವುದರಲ್ಲೂ ತಪ್ಪಿಲ್ಲ. ತಿರುವಿನಲ್ಲಿ ಸ್ಟೀರಿಂಗ್ ಹೊಟ್ಟೆಗೆ ಉಜ್ಜಿ ಉಜ್ಜಿ ನನ್ನ ಸಮವಸ್ತ್ರ ಮೂರನೇ ಗುಂಡಿಯ ಹತ್ತಿರ ಹೊಳೆಯುತ್ತಿದೆ. ನಮ್ಮ ಕಂಡಕ್ಟರ್ ಗೊತ್ತಲ್ಲ, ಎಲ್ಲರೂ ಕಡ್ಡಿ ಎಂದು ಕರೆಯುವವನು. ಮೊನ್ನೆ ಹೇಳಿದ: "ಮೇಡಂ, ನೀವು ಹೊಟ್ಟೇಲೇ ಬಸ್ ತಿರುಗಿಸ್ತೀರಲ್ಲ, ಕೈ ಯಾಕೆ ಸುಮ್ನೆ ನೋಯಿಸ್ಕೋತೀರಿ?"

ಜಿಮ್ ನಮ್ಮ ಬೀದಿಯಲ್ಲೇ ಒಂದಿದೆ. ಅದರ ಬಾಗಿಲು ತೆರೆಯುವಾಗಲೂ ನಾನು ಬಸ್ಸಿನಲ್ಲಿರುತ್ತೇನೆ, ಮುಚ್ಚುವಾಗಲೂ ಬಸ್ಸಿನಲ್ಲಿರುತ್ತೇನೆ. ಬೆಳಿಗ್ಗೆ ಐದೂಮುಕ್ಕಾಲಿಗೆ ಗಾಡಿ ತೆಗೆದರೆ ಹತ್ತೂವರೆಗೆ ಮೊದಲ ಪಾಳಿ ಮುಗಿಯುತ್ತದೆ. ಆಮೇಲೆ ಅಡುಗೆ, ಬಟ್ಟೆ, ಎರಡು ಗಂಟೆಯವರೆಗೆ ನಿನ್ನ ಭಾವನ ಬೇಕರಿಯ ಕೌಂಟರ್. ಮತ್ತೆ ಮೂರಕ್ಕೆ ಬಸ್ಸು. ಎಂಟು ಗಂಟೆಗೆ ಮೂರು ಮಹಡಿ ಹತ್ತಿ ಮನೆ ಸೇರಿದರೆ ಚಪ್ಪಲಿ ಬಿಚ್ಚುವುದೂ ಬೇಡ ಅನ್ನಿಸುತ್ತದೆ.

ಹದಿನೆಂಟು ವರ್ಷ ಪರರ ಮಕ್ಕಳನ್ನು ಮೈದಾನ ಸುತ್ತಿಸಿದ ಪೀಪಿ ಮೇಷ್ಟ್ರು ನೀನು. ಒಡಹುಟ್ಟಿದವಳಿಗೂ ಒಂದು ದಾರಿ ಹೇಳು.

ನಿನ್ನ ಆರೋಗ್ಯದ ಬಗ್ಗೆ ಬರೆ. "ಚೆನ್ನಾಗಿದ್ದೀನಿ" ಎಂದು ಮಾತ್ರ ಬರೆಯಬೇಡ.

ಅಕ್ಕ


ಜನವರಿ 19

ಅಕ್ಕಾ,

ನಕ್ಕೆ. ಪಕ್ಕದ ಕುರ್ಚಿಯಲ್ಲಿ ಕೂರುವ ನಿವೃತ್ತ ಪೋಸ್ಟ್‌ಮ್ಯಾನ್‌ಗೂ ಓದಿ ಹೇಳಿದೆ, ಅವರೂ ನಕ್ಕರು. ನಿಮ್ಮ ಕಡ್ಡಿಗೆ ನಮ್ಮಿಬ್ಬರ ನಮಸ್ಕಾರ.

ನಿನಗೆ ಗೊತ್ತಿಲ್ಲ, ನೀನು ನನಗೆ ಎಂಥ ಕೆಲಸ ಕೊಟ್ಟಿದ್ದೀಯ ಎಂದು. ಶಾಲೆಯಲ್ಲಿ ನನ್ನನ್ನು ಗ್ರಂಥಾಲಯದಲ್ಲಿ ಕೂರಿಸಿ ಎರಡು ವರ್ಷವಾಯಿತು. ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸುತ್ತೇನೆ. ಕಿಟಕಿಯಾಚೆ ಮಕ್ಕಳು ಓಡುವಾಗ ಹೊಸ ಮೇಷ್ಟ್ರು ಎಣಿಕೆ ತಪ್ಪಿಸುತ್ತಾರೆ, ನಾನು ಒಳಗೆ ಕೂತು ಸರಿ ಮಾಡಿಕೊಳ್ಳುತ್ತೇನೆ. "ಇನ್ನೊಂದು ಸುತ್ತು" ಎಂದು ಬಾಯಿಬಿಟ್ಟು ಯಾರಿಗಾದರೂ ಹೇಳಿ ಎಷ್ಟು ದಿನವಾಯಿತೋ. ಇನ್ನು ನಿನಗೆ ಹೇಳುತ್ತೇನೆ, ತಯಾರಾಗು.

ಮೊದಲ ಎರಡು ವಾರ ಏನೂ ಬದಲಾಯಿಸಬೇಡ. ಬಾಯಿಗೆ ಹೋಗುವ ಪ್ರತಿಯೊಂದನ್ನೂ ಬರೆದಿಡು. ಸುಳ್ಳು ಬರೆದರೆ ನನಗೆ ಗೊತ್ತಾಗುತ್ತದೆ. ಉಪವಾಸ ಬೇಡ, ಡಬ್ಬಿಯಲ್ಲಿ ಸಿಗುವ ಪುಡಿ ಬೇಡ, ಪತ್ರಿಕೆಯಲ್ಲಿ ಬಂದ ಕಷಾಯ ಬೇಡ. ಕೊನೆಯ ನಿಲ್ದಾಣದಲ್ಲಿ ಬಸ್ಸು ಎಷ್ಟು ನಿಮಿಷ ನಿಲ್ಲುತ್ತದೆ, ದಿನಕ್ಕೆ ಎಷ್ಟು ಸಲ, ಅದನ್ನೂ ಬರೆ.

ನನ್ನ ಬಗ್ಗೆ ಕೇಳಿದ್ದೀಯ. ಕಿಡ್ನಿಗಾಗಿ ಕಾಯುವವರ ಪಟ್ಟಿಯಲ್ಲಿ ನನ್ನ ಹೆಸರು ಮುಂದಕ್ಕೆ ಬರುತ್ತಿದೆ. ಈ ವರ್ಷವೇ ಸಿಕ್ಕಿದರೂ ಸಿಕ್ಕೀತು ಎನ್ನುತ್ತಾರೆ. ಹಾಗಾಗಿ ಆ ಚಿಂತೆ ನೀನು ಬಿಡು, ನಿನ್ನ ಗುಂಡಿಯ ಚಿಂತೆ ಮಾಡು.

ತಮ್ಮ


ಫೆಬ್ರವರಿ 2

ತಮ್ಮಾ,

ತಿಂದದ್ದರ ಪಟ್ಟಿ ಇದರ ಜೊತೆಗಿದೆ. ಓದಿದ ಮೇಲೆ ಹರಿದು ಹಾಕು, ನಿನ್ನವಳಿಗೆ ತೋರಿಸಬೇಡ.

ಚಹಾ ದಿನಕ್ಕೆ ಎರಡು ಸಲ ಎಂದುಕೊಂಡಿದ್ದೆ. ಬರೆದು ನೋಡಿದರೆ ಏಳು. ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಬೇಕರಿಯ ಕೌಂಟರಿನಲ್ಲಿ ಮುರಿದ ಬಿಸ್ಕತ್ತು ಬಾಯಿಗೆ ಹಾಕಿಕೊಳ್ಳುತ್ತೇನಲ್ಲ, ಮುರಿದದ್ದು ತಿಂದರೆ ತಿಂದ ಹಾಗಲ್ಲ ಎಂದು ನನ್ನ ನಂಬಿಕೆ. ಗುರುವಾರ ಒಂದೇ ದಿನ ಹನ್ನೊಂದು ಮುರಿದಿದ್ದವು. ನಿಜ ಹೇಳಬೇಕೆಂದರೆ ಅದರಲ್ಲಿ ನಾಲ್ಕನ್ನು ನಾನೇ ಮುರಿದೆ.

ತೂಕ ನೋಡಲು ಎಲ್ಲೂ ಹೋಗಲಿಲ್ಲ. ಬೇಕರಿಯಲ್ಲಿ ಹಿಟ್ಟಿನ ಚೀಲ ತೂಗುವ ತಕ್ಕಡಿ ಇದೆ, ಅದರ ಮೇಲೇ ನಿಂತೆ. ನಿನ್ನ ಭಾವ ಮುಳ್ಳು ನೋಡಿ, ಆಸ್ಪತ್ರೆಯಲ್ಲಿ ಮಾತಾಡುವ ಹಾಗೆ ಮೆಲ್ಲಗೆ "ಎಂಬತ್ನಾಲ್ಕು" ಎಂದರು. ಹಿಟ್ಟು ತಂದಿಳಿಸಿದ ಲಾರಿಯವನು ಬಾಗಿಲಲ್ಲಿ ನಿಂತು, "ಸಾಹುಕಾರ್ರೇ, ಇದೂ ನಮ್ಮ ಲೋಡೇನಾ?" ಎಂದ. ಅವನಿಗೆ ಆವತ್ತು ಚಹಾ ಸಿಗಲಿಲ್ಲ.

ಬಸ್ಸು ಕೊನೆಯ ನಿಲ್ದಾಣದಲ್ಲಿ ಒಂಬತ್ತು ನಿಮಿಷ ನಿಲ್ಲುತ್ತದೆ, ದಿನಕ್ಕೆ ಎಂಟು ಸಲ. ಅಷ್ಟೂ ಹೊತ್ತು ನಾನು ಸೀಟಿನಲ್ಲೇ ಕಾಲು ಚಾಚಿ ಕೂರುತ್ತೇನೆ.

ಹೆಸರು ಮುಂದೆ ಬಂದಿದ್ದು ಕೇಳಿ ಸಂತೋಷವಾಯಿತು.

ಅಕ್ಕ


ಫೆಬ್ರವರಿ 9

ಅಕ್ಕಾ,

ಒಂಬತ್ತು ನಿಮಿಷ ಎಂಟು ಸಲ. ಹತ್ತಿ ಇಳಿಯಲು ಎರಡು ನಿಮಿಷ ಬಿಟ್ಟರೂ ಏಳೆಂಟಲ ಐವತ್ತಾರು. ದಿನಕ್ಕೆ ಐವತ್ತಾರು ನಿಮಿಷದ ಮೈದಾನ ಕೈಯಲ್ಲಿಟ್ಟುಕೊಂಡು ಸಮಯವಿಲ್ಲ ಎನ್ನುತ್ತೀಯಲ್ಲ.

ಬಸ್ಸು ನಿಂತ ಕೂಡಲೇ ಇಳಿ. ಬಸ್ಸಿನ ಸುತ್ತ ನಡೆ. ನನ್ನ ಅಂದಾಜಿಗೆ ಒಂದು ಸುತ್ತಿಗೆ ಐವತ್ತು ಹೆಜ್ಜೆ. ಮೊದಲ ವಾರ ಪ್ರತಿ ನಿಲುಗಡೆಗೆ ಐದು ಸುತ್ತು, ಆಮೇಲೆ ವಾರಕ್ಕೊಂದು ಹೆಚ್ಚಿಸು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ನೀನು ಹೇಗೂ ಹಾಡುವುದು ಬೇಡ.

ಚಹಾ ಮೂರು, ಸಕ್ಕರೆ ಅರ್ಧ ಚಮಚ. ತಟ್ಟೆಯಲ್ಲಿ ಮೊದಲು ತರಕಾರಿ, ಅದು ಅರ್ಧ ತಟ್ಟೆ ತುಂಬಲಿ. ಆಮೇಲೆ ಕಾಳೋ ಮೊಟ್ಟೆಯೋ. ಉಳಿದ ಜಾಗಕ್ಕೆ ಅನ್ನ. ಜಾಗ ಉಳಿದಿಲ್ಲ ಎಂದು ದೊಡ್ಡ ತಟ್ಟೆ ತೆಗೆದುಕೊಳ್ಳಬಾರದು. ಕೌಂಟರಿನ ಸ್ಟೂಲಿನಿಂದ ಕೈ ಊರದೆ ಏಳು, ಕೂರು. ಗಿರಾಕಿ ಒಬ್ಬರು ಹೋದಾಗಲೆಲ್ಲ ಒಂದು ಸಲ. ಮೆಟ್ಟಿಲು ಹತ್ತುವಾಗ ಎರಡನೇ ಮಹಡಿಯಲ್ಲಿ ಪಕ್ಕದ ಮನೆಯವರ ಜೊತೆ ಮಾತಿಗೆ ನಿಲ್ಲುತ್ತೀಯಲ್ಲ, ಅದು ಮಾತಿಗಲ್ಲ ಏದುಸಿರಿಗೆ ಎಂದು ನನಗೆ ಗೊತ್ತು. ನಿಲ್ಲು, ತಪ್ಪಿಲ್ಲ. ಆದರೆ ನಿಂತಲ್ಲಿ ಕೂರಬೇಡ. ಒಂಬತ್ತಕ್ಕೆ ಮಲಗು. ನಿದ್ದೆ ಕೆಟ್ಟರೆ ಹಸಿವು ಎರಡು ಪಟ್ಟಾಗುತ್ತದೆ.

ತಿಂಗಳಿಗೆ ಒಂದೂವರೆ ಕಿಲೋ ಇಳಿದರೆ ಸಾಕು. ಅವಸರ ಮಾಡಿದರೆ ನಾನು ಮೇಷ್ಟ್ರಿಕೆ ಬಿಡುತ್ತೇನೆ.

ತಮ್ಮ


ಮಾರ್ಚ್ 14

ತಮ್ಮಾ,

ಎಂಬತ್ತೂಮುಕ್ಕಾಲು. ಒಂದು ಸುತ್ತಿಗೆ ಐವತ್ತಲ್ಲ, ಐವತ್ತೆರಡು ಹೆಜ್ಜೆ, ಕನ್ನಡಿಗೆ ತಲೆ ಬಡಿಯದ ಹಾಗೆ ದೂರ ನಡೆಯಬೇಕಲ್ಲ.

ಮೊದಲ ವಾರ ಜನರೆಲ್ಲ ಏನೋ ಬಿದ್ದುಹೋಗಿದೆ, ಹುಡುಕುತ್ತಿದ್ದೇನೆ ಎಂದುಕೊಂಡರು. ಒಬ್ಬ ಅಜ್ಜಿ ಕಿಟಕಿಯಿಂದ ತಲೆ ಹಾಕಿ, "ಗಾಲಿ ಸರಿಯಾಗಿದೆ ತಾನೇ ಮಗಾ, ನಾನು ಇಳೀಲಾ?" ಎಂದು ಕೇಳಿದರು. ಈಗ ಅಭ್ಯಾಸವಾಗಿದೆ. ಆಸ್ಪತ್ರೆಯ ಬಟ್ಟೆ ಒಗೆಯುವ ಇಬ್ಬರು ಹೆಂಗಸರು ನನ್ನ ಜೊತೆ ಇಳಿದು ಸುತ್ತು ಹಾಕುತ್ತಾರೆ. ಕಡ್ಡಿ ಬಾಗಿಲಲ್ಲಿ ನಿಂತು ಎಣಿಸುತ್ತಾನೆ, ಒಂದೊಂದು ಸುತ್ತು ಕದಿಯುತ್ತಾನೆ ಕೂಡ. ನಾನು ತಿದ್ದುತ್ತೇನೆ.

ಕಷ್ಟವಿರುವುದು ಮನೆಯಲ್ಲಿ. ನಿನ್ನ ಭಾವ ಇಪ್ಪತ್ತೆರಡು ವರ್ಷದಿಂದ ಮೊದಲ ಒಲೆಯ ಬನ್ನು ನನಗೇ ತೆಗೆದಿಡುತ್ತಾರೆ. ಬೇಡ ಎಂದೆ. ಮೂರು ದಿನ ಮುಖ ಊದಿಸಿಕೊಂಡರು. ನಾಲ್ಕನೇ ದಿನ ಹೇಳಿದರು: "ನಾನು ಮಾಡಿದ್ದು ಬೇಡ ಅಂದ್ರೆ, ನಾನೇ ಬೇಡ ಅಂದ ಹಾಗೆ ಕೇಳಿಸುತ್ತೆ ಕಣೇ." ಕೊನೆಗೆ ಭಾನುವಾರ ಒಂದು ಬನ್ನು, ಇಬ್ಬರೂ ಹಂಚಿಕೊಳ್ಳುವುದು ಎಂದು ಒಪ್ಪಂದವಾಯಿತು. ಅವರ ಮನಸ್ಸಿನಲ್ಲಿ ಬೇರೆ ಚಿಂತೆಯೂ ಇದೆ. ಅದು ಬಿಡು.

ಶಾಲೆಯ ಕ್ರೀಡಾದಿನಕ್ಕೆ ಹೋಗಿದ್ದೆಯಂತೆ. ಬಿಸಿಲಲ್ಲಿ ನಿಂತೆಯಾ?

ಅಕ್ಕ


ಮಾರ್ಚ್ 25

ಅಕ್ಕಾ,

ಭೇಷ್. ಇನ್ನೊಂದು ಸುತ್ತು.

ಅಕ್ಷರ ಸೊಟ್ಟಗಿದ್ದರೆ ಪೆನ್ನಿನ ತಪ್ಪು. ಇಲ್ಲಿ ಎಲ್ಲ ಚೆನ್ನಾಗಿದೆ. ಕ್ರೀಡಾದಿನ ಚೆನ್ನಾಗಿ ಆಯಿತು. ಹೆಚ್ಚು ಬರೆಯಲು ಹೊತ್ತಿಲ್ಲ.

ತಮ್ಮ


ಮೇ 3

ಅಕ್ಕಾ,

ಏಳು ವಾರದಿಂದ ನಿನ್ನ ಕಾಗದವಿಲ್ಲ. ಇವಳನ್ನು ಕೇಳಿದರೆ "ಕೆಲಸ ಇರುತ್ತೆ ಬಿಡಿ" ಎನ್ನುತ್ತಾಳೆ. ಭಾವನ ಫೋನು ಎರಡು ನಿಮಿಷಕ್ಕೆ ಮುಗಿಯುತ್ತದೆ.

ಕಳ್ಳ ವಿದ್ಯಾರ್ಥಿಗಳನ್ನು ನಾನು ತುಂಬ ನೋಡಿದ್ದೇನೆ. ಹೊಟ್ಟೆನೋವು ಎಂದು ಬರೆದ ಚೀಟಿ ತರುತ್ತಾರೆ, ನೆರಳಲ್ಲಿ ಕೂತು ಬಿಸ್ಕತ್ತು ತಿನ್ನುತ್ತಾರೆ. ನೀನೂ ಆ ಗುಂಪಿಗೆ ಸೇರಿದೆಯೋ? ಎರಡು ಕಿಲೋ ಏರಿದ್ದರೆ ಏರಿದೆ ಎಂದು ಬರೆ. ನಾನೇನೂ ಬೈಯುವುದಿಲ್ಲ, ಅಥವಾ ಸ್ವಲ್ಪ ಬೈಯುತ್ತೇನೆ. ಹಾಡಿನ ವಿಷಯಕ್ಕೆ ಬೇಜಾರಾಗಿದ್ದರೆ ಅದನ್ನೂ ವಾಪಸ್ ತೆಗೆದುಕೊಂಡೆ. ನೀನು ಚೆನ್ನಾಗಿ ಹಾಡುತ್ತೀಯ.

ತಮ್ಮ


ಮೇ 10

ತಮ್ಮಾ,

ತೂಕ ಏರಿಲ್ಲ. ಎಪ್ಪತ್ತಾರೂವರೆ. ನೀನು ಬೈಯುವುದು ಖಂಡಿತ, ಆದರೆ ಬೇರೆ ಕಾರಣಕ್ಕೆ.

ಕ್ರೀಡಾದಿನಕ್ಕೆಂದು ನೀನು ಡಯಾಲಿಸಿಸ್ ತಪ್ಪಿಸಿದ್ದು, ಶ್ವಾಸಕೋಶದಲ್ಲಿ ನೀರು ತುಂಬಿ ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಿದ್ದು ನಿನ್ನವಳು ನನಗೆ ಬರೆದಳು. ಪೆನ್ನಿನ ತಪ್ಪಂತೆ. ಅವಳ ಕಾಗದ ಬಂದ ದಿನದಿಂದ ನನಗೆ ಊಟ ಸೇರಲಿಲ್ಲ. ಮೊದಲು ಸೇರಲಿಲ್ಲ, ಆಮೇಲೆ ಬೇಕೆಂದೇ ಬಿಟ್ಟೆ. ಬೆಳಿಗ್ಗೆ ಚಹಾ, ಮಧ್ಯಾಹ್ನ ಎರಡು ಸೌತೆಕಾಯಿ, ರಾತ್ರಿ ಸ್ವಲ್ಪ ಮಜ್ಜಿಗೆ. ಬೇಗ ಇಳಿಯಲಿ ಎಂದು.

ಏಪ್ರಿಲ್ ಇಪ್ಪತ್ತೆಂಟರಂದು ಎರಡನೇ ಪಾಳಿಯಲ್ಲಿ, ಸೇತುವೆ ದಾಟಿದ ಮೇಲೆ ರಸ್ತೆ ಎರಡೆರಡಾಗಿ ಕಂಡಿತು. ಕೈ ತಣ್ಣಗಾಯಿತು. ಬಸ್ಸನ್ನು ಎಡಕ್ಕೆ ತಂದು ನಿಲ್ಲಿಸಿ, ಬ್ರೇಕ್ ಎಳೆದು, ಬಾಗಿಲು ತೆರೆದದ್ದು ನೆನಪಿದೆ. ಮೂವತ್ತೆಂಟು ಜನ ಇದ್ದರು. ಯಾರಿಗೂ ಏನೂ ಆಗಲಿಲ್ಲ. ಕಡ್ಡಿ ನನ್ನ ಬಾಯಿಗೆ ಸಕ್ಕರೆ ಹಾಕಿ, ತಲೆ ಹಿಡಿದುಕೊಂಡು ಕೂತಿದ್ದ. ಅವನು ಆವತ್ತು ಒಂದು ತಮಾಷೆಯನ್ನೂ ಮಾಡಲಿಲ್ಲ.

ಒಂದು ವಾರ ರಜೆ ಹಾಕಿಸಿದರು. ಅದಕ್ಕೇ ಬರೆಯಲಿಲ್ಲ. ಬರೆಯಲು ಮುಖವಿರಲಿಲ್ಲ.

ಅಕ್ಕ


ಮೇ 16

ಅಕ್ಕಾ,

ಬೈಯಲು ಕೂತೆ. ಆಗಲಿಲ್ಲ. ಡಯಾಲಿಸಿಸ್ ತಪ್ಪಿಸಿ, ಮುಚ್ಚಿಟ್ಟವನು ನಾನು. ನಿನ್ನನ್ನು ಯಾವ ಬಾಯಿಂದ ಬೈಯಲಿ?

ಆ ದಿನ ಹೊಸ ಮೇಷ್ಟ್ರು ಪೀಪಿ ನನ್ನ ಕೈಗೆ ಕೊಟ್ಟು, "ಸರ್, ಕೊನೇ ಓಟ ನೀವೇ ಬಿಡಿ" ಎಂದರು. ಒಂದು ಪೀಪಿ ಊದುವುದಕ್ಕೆ ನಾಲ್ಕು ದಿನ ಮಲಗಿದೆ. ಇನ್ನು ತಪ್ಪಿಸುವುದಿಲ್ಲ. ಮಗಳ ತಲೆ ಮೇಲೆ ಕೈಯಿಟ್ಟು ಹೇಳಿದ್ದೇನೆ.

ಈಗ ನೀನು ಕೇಳು. ನಾಳೆಯಿಂದ ಮೂರು ಹೊತ್ತು ಊಟ. ಮಧ್ಯಾಹ್ನದ ಊಟ ಭಾವನ ಎದುರೇ ಆಗಬೇಕು. ತೂಕ ಒಂದೆರಡು ಕಿಲೋ ಏರುತ್ತದೆ, ಏರಲಿ. ಸೆಪ್ಟೆಂಬರ್ ತಪಾಸಣೆ ತಪ್ಪಿದರೆ ಮುಂದಿನ ವರ್ಷ ಹೋದರಾಯಿತು. ಡಿಪೋದವರು ನಿನ್ನನ್ನು ಗಲ್ಲಿಗೇರಿಸುವುದಿಲ್ಲ. ನನಗೆ ಅಕ್ಕ ಬೇಕು, ಸಣ್ಣ ಅಕ್ಕನೇ ಬೇಕೆಂದೇನಿಲ್ಲ.

ತಮ್ಮ


ಜುಲೈ 7

ತಮ್ಮಾ,

ಊಟ ಮಾಡುತ್ತಿದ್ದೇನೆ. ಎಪ್ಪತ್ತೆಂಟಕ್ಕೆ ಏರಿ, ಎಪ್ಪತ್ತಾರಕ್ಕೆ ಇಳಿದು, ಅಲ್ಲೇ ನಿಂತಿದೆ. ಐದು ವಾರದಿಂದ ಮುಳ್ಳು ಅಲ್ಲಾಡಿಲ್ಲ. ತಕ್ಕಡಿ ಕೆಟ್ಟಿದೆ ಎಂದು ಹಿಟ್ಟಿನ ಚೀಲ ಇಟ್ಟು ನೋಡಿದೆ. ಸರಿಯಾಗಿಯೇ ಇದೆ.

ನನ್ನಿಂದ ಇಷ್ಟೇ ಆಗುವುದೇನೋ.

ಅಕ್ಕ


ಜುಲೈ 13

ಅಕ್ಕಾ,

ಎಲ್ಲರಿಗೂ ಹೀಗೆ ನಿಲ್ಲುತ್ತದೆ. ಮೈಗೆ ನಿನ್ನ ಐವತ್ತೆರಡು ಹೆಜ್ಜೆ ಬಾಯಿಪಾಠವಾಗಿದೆ, ಅಷ್ಟೆ. ಸುತ್ತು ಬಿಡು. ನಿಲ್ದಾಣದ ಹಿಂದೆ ಏರುದಾರಿ ಇದೆ ಎಂದಿದ್ದೆಯಲ್ಲ, ನಾಲ್ಕು ನಿಮಿಷ ಹತ್ತು, ಮೂರು ನಿಮಿಷದಲ್ಲಿ ಇಳಿ. ಮೂರು ಮಹಡಿಯನ್ನು ನಿಲ್ಲದೆ ಹತ್ತು. ತಕ್ಕಡಿಯನ್ನು ಎರಡು ವಾರ ನೋಡಬೇಡ.

ನಿಂತದ್ದಕ್ಕೆ ಯಾರಾದರೂ ನಿನ್ನನ್ನು ಬೈದರೆ ನನ್ನ ಹೆಸರು ಹೇಳು.

ತಮ್ಮ


ಆಗಸ್ಟ್ 22

ಅಕ್ಕಾ,

ಈ ಬೆಳಿಗ್ಗೆ ಸೂಜಿ ಚುಚ್ಚಿಸಿಕೊಂಡು ಕೂತಿದ್ದಾಗ ಆಸ್ಪತ್ರೆಯ ಕಸಿ ವಿಭಾಗದ ಸಂಯೋಜಕಿ ಬಂದು, "ನಿಮ್ಮ ಅಕ್ಕ ಎಪ್ಪತ್ತೆರಡೂವರೆಗೆ ಬಂದಿದ್ದಾರಂತೆ. ಇನ್ನರ್ಧ ಕಿಲೋ ಇಳಿದ್ರೆ ಉಳಿದ ಪರೀಕ್ಷೆ ಶುರು ಮಾಡ್ಬಹುದು. ನೀವು ಪುಣ್ಯವಂತರು" ಎಂದರು. ನನಗೆ ಎಲ್ಲ ಗೊತ್ತಿದೆ ಎಂದುಕೊಂಡಿದ್ದರು.

ಡಿಸೆಂಬರ್‌ನಲ್ಲೇ ಇಲ್ಲಿಗೆ ಬಂದು ರಕ್ತ ಕೊಟ್ಟು ಹೋಗಿದ್ದೀಯ. ಇವಳೂ ಜೊತೆಗಿದ್ದಳು, ಕೇಳಿದ್ದಕ್ಕೆ ಎಲ್ಲ ಒಪ್ಪಿಕೊಂಡಳು. ಹನ್ನೆರಡು ಕಿಲೋ ಇಳಿಸಿದರೆ ಮಾತ್ರ ಕಿಡ್ನಿ ತೆಗೆಯಲು ಸಾಧ್ಯ ಎಂದು ಹೇಳಿದ ಡಾಕ್ಟರು ಡಿಪೋದವರಲ್ಲ, ನನ್ನ ಡಾಕ್ಟರು. ಡಿಪೋದಲ್ಲಿ ತಪಾಸಣೆಯೇ ಇಲ್ಲ.

ಎಂಟು ತಿಂಗಳು ನನ್ನ ಕೈಯಿಂದಲೇ ಇದನ್ನು ಮಾಡಿಸಿದೆ. ತರಕಾರಿ ತಿನ್ನು, ಏರುದಾರಿ ಹತ್ತು ಎಂದು ನಾನೇ ಬರೆದೆ. ಏಪ್ರಿಲ್‌ನಲ್ಲಿ ನೀನು ಬಸ್ಸಿನಲ್ಲಿ ತಲೆತಿರುಗಿ ಕೂತದ್ದೂ ನನ್ನ ಸಲುವಾಗಿ.

ಕಾಯಿಲೆ ತಿಳಿದ ದಿನವೇ ಹೇಳಿದ್ದೆ, ಅಕ್ಕನ ಹತ್ತಿರ ಯಾರೂ ಈ ಮಾತು ಎತ್ತಕೂಡದು ಎಂದು. ಅಪ್ಪ ಹೋದಾಗ ನೀನು ಓದು ಬಿಟ್ಟು ಕೆಲಸಕ್ಕೆ ಸೇರಿದೆ, ನಾನು ಮೈದಾನದಲ್ಲಿ ಓಡಿ ಮೇಷ್ಟ್ರಾದೆ. ಒಂದು ಸಲ ಬಿಟ್ಟುಕೊಟ್ಟದ್ದು ಸಾಕು. ನಾನು ತೆಗೆದುಕೊಳ್ಳುವುದಿಲ್ಲ. ಇನ್ನು ಈ ವಿಷಯ ಬರೆಯಬೇಡ.


ಆಗಸ್ಟ್ 28

ತಮ್ಮಾ,

ನೀನು ಹೆಸರನ್ನೂ ಹಾಕದೆ ಕಳಿಸಿದ್ದೀಯ. ಸಿಟ್ಟು ಬಂದರೆ ನಿನಗೆ ಚಿಕ್ಕಂದಿನಿಂದಲೂ ಹಾಗೆಯೇ, ಬಾಗಿಲು ಹಾಕುವುದನ್ನೂ ಮರೆತು ಹೋಗುತ್ತೀಯ.

ಸುಳ್ಳು ಹೇಳಿದೆ, ಒಪ್ಪುತ್ತೇನೆ. ನಿನ್ನ ಹೆಸರು ಪಟ್ಟಿಯಲ್ಲಿ ಮುಂದೆ ಬರುತ್ತಿದೆ ಎಂದು ನೀನೂ ಬರೆದೆ. ಎರಡು ವರ್ಷದಿಂದ ಅದು ಅಲ್ಲಾಡಿಲ್ಲವೆಂದು ಅದೇ ಸಂಯೋಜಕಿ ನನಗೆ ಹೇಳಿದ್ದರು. ನಿನ್ನವಳ ರಕ್ತ ಹೊಂದಲಿಲ್ಲ, ನನ್ನದು ಹೊಂದಿತು. ಇದರಲ್ಲಿ ದೊಡ್ಡ ಮಾತೇನಿದೆ?

ಇನ್ನೊಂದು ಸುಳ್ಳಿದೆ. ಅದನ್ನು ಮೂವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಇವತ್ತು ಮುಗಿಸುತ್ತೇನೆ. ನಾನು ನಿನಗಾಗಿ ಓದು ಬಿಡಲಿಲ್ಲ ಕಣೋ. ಗಣಿತದಲ್ಲಿ ಮೂರು ಸಲ ನಪಾಸಾಗಿದ್ದೆ. ಮೂರನೇ ಸಲ ಹದಿನಾಲ್ಕು ಅಂಕ. ಮತ್ತೆ ಪರೀಕ್ಷೆಗೆ ಕಟ್ಟು ಎಂದು ಅಪ್ಪ ಹಿಂದೆ ಬಿದ್ದಿದ್ದರು, ಆ ಹೊತ್ತಿಗೆ ಅವರು ಹೋಗಿಬಿಟ್ಟರು. ಗ್ಯಾರೇಜಿನಲ್ಲಿ ಕೆಲಸ ಸಿಕ್ಕಿತು, ಗಾಡಿ ಕಲಿತೆ. ನನಗೆ ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ. ಬಂಧುಬಳಗ "ತಮ್ಮನಿಗಾಗಿ ತ್ಯಾಗ ಮಾಡಿದಳು" ಎಂದು ಹೊಗಳಿತು. ಕೇಳಲು ಚೆನ್ನಾಗಿತ್ತು, ಸುಮ್ಮನಿದ್ದೆ. ನೀನು ಅದನ್ನು ಹೊತ್ತುಕೊಂಡು ತಿರುಗುತ್ತಿದ್ದೀಯ ಎಂದು ಗೊತ್ತಿದ್ದರೆ ಯಾವತ್ತೋ ಅಂಕಪಟ್ಟಿ ತೋರಿಸಿರುತ್ತಿದ್ದೆ. ಈ ಲಕೋಟೆಯಲ್ಲಿ ಇಟ್ಟಿದ್ದೇನೆ, ನೋಡಿಕೋ.

ಅಂದರೆ ನಾನು ನಿನಗಾಗಿ ಇದುವರೆಗೆ ಏನೂ ಬಿಟ್ಟಿಲ್ಲ. ಮೂರು ತಿಂಗಳಲ್ಲಿ ಮತ್ತೆ ಗಾಡಿ ಓಡಿಸಬಹುದು ಎಂದು ಡಾಕ್ಟರು ಹೇಳಿದ್ದಾರೆ, ಡಿಪೋ ಮ್ಯಾನೇಜರು ಒಪ್ಪಿದ್ದಾರೆ. ಹೇಳಬೇಕಾದದ್ದು ಹೇಳಿದೆ.

ಅಕ್ಕ


ಸೆಪ್ಟೆಂಬರ್ 30

ಅಕ್ಕಾ,

ತಿಂಗಳ ಮೇಲಾಯಿತು. ಹದಿನಾಲ್ಕು ಅಂಕದ ಕಾಗದ ನನ್ನ ಮೇಜಿನ ಮೇಲಿದೆ. ಮೊದಲ ದಿನ ಅದನ್ನು ನೋಡಿ ಸಿಟ್ಟು ಹೆಚ್ಚಾಯಿತು. ಇಷ್ಟು ವರ್ಷ ನಾನು ಯಾವ ಭಾರಕ್ಕೆ ಬಗ್ಗಿ ನಡೆದೆ ಎಂದು. ಎರಡನೇ ದಿನ ಇವಳಿಗೆ ತೋರಿಸಿದೆ. ಅವಳು ನಗಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಆಮೇಲೆ ಅತ್ತಳು.

ನಿನಗೆ ಹೇಳದೆ ಒಂದು ಕೆಲಸ ಮಾಡಿದೆ. ಡಯಾಲಿಸಿಸ್ ಇಲ್ಲದ ದಿನ ನೋಡಿ, ಹೋದ ಬುಧವಾರ ಬೆಳಗಿನ ರೈಲಿಗೆ ನಿಮ್ಮೂರಿಗೆ ಬಂದೆ. ಮೂರು ಗಂಟೆಗೆ ನಿನ್ನ ಬಸ್ಸಿನ ಹಿಂದಿನ ಬಾಗಿಲಿನಿಂದ ಹತ್ತಿ ಕೊನೆಯ ಸೀಟಿನಲ್ಲಿ ಕೂತೆ. ಟೋಪಿ ಹಾಕಿದ್ದೆ. ಕನ್ನಡಿಯಲ್ಲಿ ನಿನ್ನ ಹಣೆ ಮಾತ್ರ ಕಾಣುತ್ತಿತ್ತು.

ಕಡ್ಡಿ ಟಿಕೆಟ್ ಕೊಡಲು ಬಂದಾಗ, "ಡ್ರೈವರ್ ಹೊಸಬರಾ?" ಎಂದು ಸುಮ್ಮನೆ ಕೇಳಿದೆ. ಅವನಿಗೆ ಮಾತು ಬೇಕಿತ್ತು. "ಅಯ್ಯೋ, ಹಳಬರೇ ಸಾರ್. ಅರ್ಧ ಆಗಿದ್ದಾರೆ ಅಷ್ಟೆ. ತಮ್ಮನಿಗೆ ಕಿಡ್ನಿ ಕೊಡ್ಬೇಕಂತೆ. ಆ ತಮ್ಮ ಬೇಡ ಅಂತಾನಂತೆ. ಆದ್ರೂ ನಡೀತಾರೆ ನೋಡಿ, ಒಂದು ದಿನ ಬಿಟ್ಟಿಲ್ಲ." ನಾನು ಕೇಳಿದೆ, "ಬೇಡ ಅಂದ್ಮೇಲೆ ಯಾಕೆ ನಡೀತಾರೆ?" ಅವನು ಚೀಟಿ ಹರಿಯುತ್ತ ಹೇಳಿದ: "ನಾನೂ ಕೇಳ್ದೆ ಸಾರ್. ಅವನು ಹೂಂ ಅಂದ ದಿನ ನಾನು ರೆಡಿ ಇರ್ಬೇಕಲ್ಲ ಅಂದ್ರು."

ಕೊನೆಯ ನಿಲ್ದಾಣದಲ್ಲಿ ನೀನು ಇಳಿದೆ. ಹಿಂದೆ ಆ ಇಬ್ಬರು ಹೆಂಗಸರು, ಒಬ್ಬ ಮುದುಕ. ಏರುದಾರಿ ಹತ್ತಿದೆ. ನಿನ್ನ ಬಲಗಾಲು ಸ್ವಲ್ಪ ಎಳೆಯುತ್ತದೆ, ಹಿಮ್ಮಡಿ ಮೊದಲು ಊರು, ಅದನ್ನು ಸರಿ ಮಾಡಬೇಕು. ಅಷ್ಟೇ ಯೋಚಿಸಿದ್ದು ನನಗೆ ನೆನಪಿದೆ. ಮುಂದೆ ಕಣ್ಣು ಮಂಜಾಯಿತು. ನೀನು ಇಳಿದು ಬರುವಷ್ಟರಲ್ಲಿ ನಾನು ಎದುರಿನ ಬಸ್ಸು ಹತ್ತಿ ರೈಲು ನಿಲ್ದಾಣಕ್ಕೆ ಹೋದೆ. ಮಾತಾಡಿಸಿದ್ದರೆ ಬೇಡ ಎಂದೇ ಹೇಳಿಬಿಡುತ್ತಿದ್ದೆನೇನೋ.

ಹೂಂ ಅಕ್ಕಾ.

ತಮ್ಮ


ನವೆಂಬರ್ 18

ತಮ್ಮಾ,

ನೀನು ಮೇಲಿನ ಮಹಡಿಯ ಗಾಜಿನ ಕೋಣೆಯಲ್ಲಿದ್ದೀಯ, ಕಾಗದ ಒಳಗೆ ಬಿಡುವುದಿಲ್ಲವಂತೆ. ನರ್ಸ್ ಗಾಜಿನಾಚೆ ಹಿಡಿದು ತೋರಿಸುತ್ತಾರೆ ಎಂದು ದೊಡ್ಡಕ್ಷರದಲ್ಲಿ ಬರೆದಿದ್ದೇನೆ.

ನಾನು ಎದ್ದು ಕೂತೆ. ಹೊಲಿಗೆ ನೋಯುತ್ತದೆ, ನಗಿಸಬೇಡ. ನಿನ್ನ ಭಾವ ಪಕ್ಕದಲ್ಲಿ ಕೂತು ಹಣ್ಣು ಬಿಡಿಸಿ ಅವರೇ ತಿನ್ನುತ್ತಿದ್ದಾರೆ. ಅಲ್ಲಿ ಹೇಗಿದೆ?

ಅಕ್ಕ


ನವೆಂಬರ್ 19

ಅಕ್ಕಾ,

ನಾನು ಹೇಳಿದ್ದನ್ನು ನರ್ಸ್ ಬರೆದುಕೊಂಡಿದ್ದಾರೆ.

ಕೆಲಸ ಮಾಡುತ್ತಿದೆ. ಮೂತ್ರದ ಚೀಲ ತುಂಬಿದಾಗ ಡಾಕ್ಟರು ಅದನ್ನು ಎತ್ತಿ ಹಿಡಿದು ಬೆಳಕಿಗೆ ನೋಡಿದರು. ಇವಳು ಗಾಜಿನಾಚೆಯಿಂದ ಚಪ್ಪಾಳೆ ತಟ್ಟಿದಳು. ಇಂಥದ್ದಕ್ಕೆಲ್ಲ ಹೆಮ್ಮೆಪಡುವ ದಿನ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ನಗಬೇಡ, ಹೊಲಿಗೆ.

ತಮ್ಮ


ಮಾರ್ಚ್ 2

ತಮ್ಮಾ,

ನಿನ್ನ ಮಗಳು ಶಾಲೆಯಲ್ಲಿ ಬರೆದ ಪ್ರಬಂಧವನ್ನು ನಿನ್ನವಳು ಕಳಿಸಿದ್ದಾಳೆ. "ನನ್ನ ಅತ್ತೆಗೆ ಹೆದರಿಕೆ ಎಂದರೇನೆಂದೇ ಗೊತ್ತಿಲ್ಲ" ಎಂದು ಮೊದಲ ವಾಕ್ಯ. ನಿನ್ನ ಭಾವ ಅದನ್ನು ಬೇಕರಿಯ ಗೋಡೆಗೆ ಅಂಟಿಸಿದ್ದಾರೆ. ಬಂದವರೆಲ್ಲ ಓದುತ್ತಾರೆ, ನನ್ನ ಮುಖ ನೋಡುತ್ತಾರೆ. ನನಗೆ ನೆಲ ನೋಡುವಂತಾಗುತ್ತದೆ.

ಹೋದ ವಾರದಿಂದ ಗಾಡಿ ಓಡಿಸುತ್ತಿದ್ದೇನೆ. ಮೈ ಚೆನ್ನಾಗಿದೆ. ಆದರೆ ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುವುದು ಸಾಕಾಗಿದೆ, ನಿನಗೆ ಹೇಳಿಬಿಡುತ್ತೇನೆ.

ಜುಲೈನಲ್ಲಿ ತೂಕ ಎಪ್ಪತ್ತಾರಕ್ಕೆ ನಿಂತಿತಲ್ಲ. ಅದು ತಾನಾಗಿ ನಿಂತದ್ದಲ್ಲ. ಎಲ್ಲ ದಿನವೂ ಅಲ್ಲ, ಆದರೆ ಕೆಲವು ಮಧ್ಯಾಹ್ನ ಕೌಂಟರಿನ ಹಿಂದೆ ನಿಂತು ನಾನು ಬನ್ನು ತಿನ್ನುತ್ತಿದ್ದೆ. ಒಂದಲ್ಲ, ಮೂರು, ನಾಲ್ಕು. ಹಸಿವಿಗಲ್ಲ. ಮುಳ್ಳು ಇಳಿಯದಿರಲಿ ಎಂದು. ಇಳಿಯದಿದ್ದರೆ ಡಾಕ್ಟರೇ ಬೇಡ ಎನ್ನುತ್ತಾರೆ, ನಾನು ಬೇಡ ಎಂದ ಹಾಗಾಗುವುದಿಲ್ಲ. ಇನ್ನೊಬ್ಬರು ಗಾಡಿ ಓಡಿಸುವಾಗ ಹಿಂದಿನ ಸೀಟಿನಲ್ಲಿ ಕೂರುವುದಕ್ಕೇ ಹೆದರುವವಳು ನಾನು. ನನ್ನನ್ನು ಮಲಗಿಸಿ, ಪ್ರಜ್ಞೆ ತಪ್ಪಿಸಿ, ಕುಯ್ಯುತ್ತಾರೆ ಎಂದರೆ ಕೇಳಬೇಕೇ? ನೀನು "ನಿಂತದ್ದಕ್ಕೆ ಯಾರಾದರೂ ಬೈದರೆ ನನ್ನ ಹೆಸರು ಹೇಳು" ಎಂದು ಬರೆದಾಗ ಆ ಕಾಗದವನ್ನು ಎರಡನೇ ಸಲ ಓದಲು ನನ್ನಿಂದ ಆಗಲಿಲ್ಲ.

ನಿನ್ನ ಭಾವನಿಗೆ ಗೊತ್ತಾಗಿತ್ತು. ಎಷ್ಟು ಬನ್ನು ಮಾಡಿದೆ ಎಂದು ತಿಳಿಯದ ಬೇಕರಿಯವರಿಲ್ಲ. ಒಂದು ದಿನ ಹಿಟ್ಟು ಕಲಸುತ್ತಲೇ ಹೇಳಿದರು: "ಹೆದರಿಕೆ ಆದ್ರೆ ಬಿಟ್ಟುಬಿಡು. ನಾನು ಯಾರ ಹತ್ರನೂ ಹೇಳಲ್ಲ. ನೀನು ನಾಳೆಯಿಂದ ನಡೀದೇ ಇದ್ರೂ ನಾನು ಕೇಳಲ್ಲ." ಅವರಿಗೂ ನಾನು ಬಿಡಲಿ ಎಂದೇ ಇತ್ತು, ಪಾಪ. ಮಾರನೇ ದಿನ ಏರುದಾರಿ ಹತ್ತಿದೆ. ಧೈರ್ಯ ಬಂತೆಂದಲ್ಲ. ಹೆದರಿಕೆ ಹಾಗೇ ಇತ್ತು, ಆಪರೇಷನ್ ಕೋಣೆಯ ಬಾಗಿಲವರೆಗೂ ಇತ್ತು.

ಆ ಐದು ವಾರ ನಿನ್ನ ಕುರ್ಚಿಯಲ್ಲಿ ನೀನು ಕೂತಿದ್ದೆ. ಅದು ನನಗೆ ಗೊತ್ತಿತ್ತು, ಆದರೂ ತಿಂದೆ. ಮಗುವಿಗೆ ಹೇಳಬೇಡ. ನಿನಗೆ ಮಾತ್ರ ಗೊತ್ತಿರಲಿ.

ಅಕ್ಕ


ಮಾರ್ಚ್ 8

ಅಕ್ಕಾ,

ನಿನ್ನ ಕಾಗದ ಮೂರು ಸಲ ಓದಿದೆ. ಉತ್ತರ ಬರೆಯಲು ಕೂತು ಎರಡು ಹಾಳೆ ಹರಿದು ಹಾಕಿದೆ. ಮೇಷ್ಟ್ರ ಹಾಗೆ ಬರೆಯಲು ಹೋದೆ, ಅದು ಸರಿ ಕಾಣಲಿಲ್ಲ. ತಮ್ಮನ ಹಾಗೆ ಬರೆಯಲು ಹೋದೆ, ಅಕ್ಷರ ಒದ್ದೆಯಾಯಿತು.

ಇಷ್ಟು ಮಾತ್ರ ಹೇಳುತ್ತೇನೆ. ಹೆದರದವಳ ಹತ್ತಿರ ತೆಗೆದುಕೊಂಡೆ ಎಂದುಕೊಂಡಿದ್ದಾಗ ನನಗೆ ಸ್ವಲ್ಪ ಸಂಕೋಚವಿತ್ತು. ಈಗ ಇಲ್ಲ. ಯಾಕೆ ಎಂದು ನನಗೂ ಸರಿಯಾಗಿ ಗೊತ್ತಿಲ್ಲ.

ಉಳಿದದ್ದು ಕಾಗದದಲ್ಲಿ ಆಗುವುದಿಲ್ಲ. ಡಾಕ್ಟರು ಪ್ರಯಾಣಕ್ಕೆ ಒಪ್ಪಿದ್ದಾರೆ, ಶನಿವಾರ ಸಂಜೆಯ ರೈಲಿಗೆ ನಾವು ಮೂವರೂ ಬರುತ್ತೇವೆ. ವರ್ಷವಿಡೀ ನಿನ್ನನ್ನು ನಡೆಸಿದೆ, ಒಂದು ದಿನವೂ ನಿನ್ನ ಜೊತೆ ನಡೆಯಲಿಲ್ಲ. ಭಾನುವಾರ ಬೆಳಿಗ್ಗೆ ಆರಕ್ಕೆ ಕೆಳಗಿಳಿದು ಬಾ, ನಾನು ಬಾಗಿಲಲ್ಲಿ ನಿಂತಿರುತ್ತೇನೆ. ವೇಗವೇನೂ ಬೇಡ. ಮಾತಾಡಿಕೊಂಡು ಹೋಗೋಣ.

ತಮ್ಮ